ಬೆಡ್‌ಫರ್ಡ್ ಪಟ್ಟಣವೂ ಅದರ ಹಳೆಯ ಸೆರೆಮನೆಯೂ



ನಮ್ಮಲ್ಲಿ ಜಿಲ್ಲೆಗೊಂದು ಮುಖ್ಯ ಸ್ಥಳವಿರುವಂತೆ ಇಂಗ್ಲೆಂಡಿನ ಪ್ರತಿ ಕೌಂಟಿಗೂ ಒಂದು ಮುಖ್ಯ ಪಟ್ಟಣ ಉಂಟು. ಹಿಂದೆ ಕೌಂಟಿಯ ನ್ಯಾಯಸ್ಥಾನ, ಸೆರೆಮನೆಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತಿದ್ದವು. ಬೆಡ್‌ಫರ್ಡ್ ಅಂಥ ಪಟ್ಟಣ. ಲಂಡನ್ನಿನ ಉತ್ತರಕ್ಕೆ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಗ್ರೇಟ್ ಊಜ್ ಹೊಳೆಯ ದಂಡೆಯ ಮೇಲಿದೆ.

ಇಲ್ಲೊಂದು ಕೋಟೆಯಿತ್ತು. 1224ರಲ್ಲಿ ಮೂರನೆಯ ಹೆನ್ರಿ ದೊರೆ ಎಂಟು ವಾರ ಮುತ್ತಿಗೆ ಹಾಕಿ, ಗೆದ್ದು, ಅದನ್ನು ಕೆಡವಿಸಿದನು. ಈಗ ಉಳಿದಿರುವುದು ಮುಖ್ಯವಾಗಿ ಮಣ್ಣಿನ ದಿಬ್ಬ. ಆದರೆ ಊರಿಗೆ ಕೀರ್ತಿ ತಂದದ್ದು ಕೋಟೆಯಲ್ಲ, ಸೆರೆಮನೆ.

ಪಕ್ಕದ ಎಲ್‌ಸ್ಟೋ ಹಳ್ಳಿಯ ಜಾನ್ ಬನ್ಯನ್ ಒಡಕು ಪಾತ್ರೆ ಸರಿಮಾಡುವ ಕಸುಬಿನವನು. ಸರಕಾರದ ಅಪ್ಪಣೆಯಿಲ್ಲದೆ ಧರ್ಮೋಪದೇಶ ಮಾಡಿದನೆಂದು 1660ರಲ್ಲಿ ಅವನನ್ನು ಹಿಡಿದರು. ಇನ್ನು ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು, ಕೊಡಲಿಲ್ಲ. ಹನ್ನೆರಡು ವರುಷ ಒಳಗಿದ್ದು, ಲಾಡಿ ಹೆಣೆದು ಹೆಂಡಿರು ಮಕ್ಕಳ ಹೊಟ್ಟೆಗೆ ನಾಲ್ಕು ಕಾಸು ಗಳಿಸಿದನು. 1678ರಲ್ಲಿ ಅಚ್ಚಾದ ಅವನ ಪ್ರಸಿದ್ಧ ಗ್ರಂಥವು 19ನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೂ ಬಂದಿತು.

ನೂರು ವರುಷಗಳ ಅನಂತರ, 1773ರಲ್ಲಿ, ಜಾನ್ ಹೊವರ್ಡ್ ಎಂಬವರು ಈ ಕೌಂಟಿಯ ಷರೀಫರಾದರು. ಸೆರೆಮನೆಯನ್ನು ತಾವೇ ಹೊಕ್ಕು ನೋಡಿದರು. ಜೈಲರನಿಗೆ ಸಂಬಳವಿಲ್ಲ, ಕೈದಿಗಳಿಂದ ವಸೂಲಾದ ಹಣವೇ ಅವನ ಜೀವನ. ಆದ್ದರಿಂದ ನಿರಪರಾಧಿಯೆಂದು ತೀರ್ಪಾದವನು ಕೂಡ ಆ ಹಣ ಕಟ್ಟುವ ತನಕ ಮನೆಗೆ ಹೋಗುವಂತಿರಲಿಲ್ಲ. ಜೈಲರನಿಗೆ ಸಂಬಳ ಕೊಡಿರೆಂದು ಹೊವರ್ಡರು ಕೇಳಿದರು. ‘ಬೇರೆಲ್ಲಿ ಹಾಗಿದೆ, ತೋರಿಸಿ’ ಎಂಬ ಧಾಟಿಯ ಉತ್ತರ ಬಂತು. ಹುಡುಕಲೆಂದು ನೆರೆಯ ಕೌಂಟಿಗಳಿಗೆ ಹೊರಟರು. ಅಲ್ಲಿಯೂ ಅದೇ ಅನ್ಯಾಯ. ಊರೂರು ತಿರುಗಿ, ಕೋಣೆಯ ಅಳತೆ, ರೊಟ್ಟಿಯ ತೂಕ, ವಸೂಲಿಯ ದರ, ಕೈದಿಗಳ ಸಂಖ್ಯೆ ಎಲ್ಲವನ್ನೂ ಬರೆದಿಟ್ಟರು. 1774ರಲ್ಲಿ ಪಾರ್ಲಿಮೆಂಟು ಬಿಡುಗಡೆಯಾದವರ ಮೇಲಿನ ಆ ವಸೂಲಿಯನ್ನು ರದ್ದು ಮಾಡಿತು.

ಆ ಹಳೆಯ ಸೆರೆಮನೆ ಇಂದಿಲ್ಲ. ಆದರೆ ಊರಿನಲ್ಲಿ 1874ರಲ್ಲಿ ನಿಲ್ಲಿಸಿದ ಬನ್ಯನ್ ಪ್ರತಿಮೆಯೂ 1894ರ ಹೊವರ್ಡ್ ಪ್ರತಿಮೆಯೂ ಇವೆ. ಒಬ್ಬನು ಕೈದಿ, ಇನ್ನೊಬ್ಬರು ಅಧಿಕಾರಿ. ಊರು ಇಬ್ಬರನ್ನೂ ಗೌರವಿಸಿದೆ.

ದಿನವೆಲ್ಲ ಲೆಕ್ಕ ಬರೆಯುವ ನಾವು ಹೊವರ್ಡರಿಂದ ಕಲಿಯಬೇಕಾದುದುಂಟು. ಅವರು ಬರಿಯ ಮರುಕದಿಂದ ಗೆಲ್ಲಲಿಲ್ಲ. ಕಂಡದ್ದನ್ನು ಅಂಕಿ ಸಹಿತ ಬರೆದು ಮುಂದಿಟ್ಟರು. ಬಡವನ ಪರವಾಗಿ ಬರೆದ ಸರಿಯಾದ ಲೆಕ್ಕವೂ ಒಂದು ಸೇವೆಯೇ ಎಂದು ನಾವು ತಿಳಿಯುತ್ತೇವೆ.