ಕೋಳಿಯ ಗಾಯದಿಂದ ರಕ್ತ ಯಾಕೆ ನಿಲ್ಲಲಿಲ್ಲ?

ನಮ್ಮ ಕುಪ್ಪೇಲೂರಿನ ತೋಟದಲ್ಲಿ ಗೊಬ್ಬರಕ್ಕೂ ಆಯ್ತು, ತತ್ತಿಗೂ ಆಯ್ತು ಅಂತ ಒಂದಿಷ್ಟು ಜವಾರಿ ಕೋಳಿ ಸಾಕಿದ್ದೇನೆ. ಹೋದ ಮಳೆಗಾಲದಲ್ಲಿ ಹುಂಜಗಳು ಕಾದಾಡಿ, ಒಂದರ ಜುಟ್ಟಿಗೆ ಸಣ್ಣ ಗಾಯವಾಯಿತು. ರಕ್ತ ನಿಲ್ಲಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಹುಂಜ ಸತ್ತಿತ್ತು. ಹೊಟ್ಟೆ ಕೊಯ್ದು ನೋಡಿದ ಪಶುವೈದ್ಯರು ಹಳದಿಯಾಗಿದ್ದ ಯಕೃತ್ತು ತೋರಿಸಿ, "ಯಾವ ಕಾಳು ಹಾಕ್ತೀರಿ?" ಅಂತ ಕೇಳಿದರು. ನಾನು ಹಾಕುತ್ತಿದ್ದದ್ದು ಬೂಸ್ಟು ಹಿಡಿದು, ಮಾರಲು ಬಾರದ ಗೋವಿನಜೋಳ.

ಗಾಯಕ್ಕೂ ಕಾಳಿಗೂ ಏನು ಸಂಬಂಧ? ಬದು ಒಡೆದಾಗ ಮೊದಲು ಕಲ್ಲು ಒಡ್ಡಿ, ಆಮೇಲೆ ಮಣ್ಣು ಮೆತ್ತುತ್ತೇವಲ್ಲ, ಹಾಗೇ ಇದು. ಮೊದಲು ಥ್ರಾಂಬೋಸೈಟ್ ಎಂಬ ಕಣಗಳು ಗಾಯಕ್ಕೆ ಅಡ್ಡ ನಿಲ್ಲುತ್ತವೆ. ಹರಿದ ಅಂಗಾಂಶದಿಂದ ಬರುವ ಪ್ರೋಟೀನು ರಕ್ತದ 7ನೇ ಅಂಶವನ್ನು ಎಬ್ಬಿಸುತ್ತದೆ, ಅದು 10ನೆಯದನ್ನು ಎಬ್ಬಿಸುತ್ತದೆ. ಕೊನೆಗೆ ಥ್ರಾಂಬಿನ್ ತಯಾರಾಗಿ, ಫೈಬ್ರಿನ್ ನೂಲಿನ ಬಲೆ ಹೆಣೆಯುತ್ತದೆ. ನಮ್ಮ ರಕ್ತದಲ್ಲಿರುವ 12ನೇ ಅಂಶ ಕೋಳಿಗೆ ಇಲ್ಲ. ಹಾಗಾಗಿ ಗಾಯದ ಅಂಗಾಂಶದಿಂದ ಶುರುವಾಗುವ ಈ ದಾರಿಯೇ ಅದಕ್ಕೆ ಮುಖ್ಯ.

ಈ ಅಂಶಗಳನ್ನು ತಯಾರಿಸೋದು ಯಕೃತ್ತು. ಕೆಲವಕ್ಕೆ ವಿಟಮಿನ್ ಕೆ ಬೇಕೇ ಬೇಕು. ಆ ವಿಟಮಿನ್ ಗೊತ್ತಾಗಿದ್ದೂ ಕೋಳಿಮರಿಗಳಿಂದಲೇ! ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಮೇವು ಕೊಟ್ಟ ಮರಿಗಳಿಗೆ ರಕ್ತಸ್ರಾವ ಆಗುವುದನ್ನು ಕಂಡರು. 1935ರಲ್ಲಿ ವಿಟಮಿನ್ ಕೆ ಎಂದು ಹೆಸರಿಟ್ಟರು. 1943ರ ನೊಬೆಲ್ ಪ್ರಶಸ್ತಿ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ ಸಿಕ್ಕಿತು.

ಬೂಸ್ಟಿನ ಅಫ್ಲಟಾಕ್ಸಿನ್ ವಿಷ ಯಕೃತ್ತನ್ನೇ ಕೆಡಿಸುತ್ತದೆ. ತೊಳೆದರೂ ಕುದಿಸಿದರೂ ಅದು ಪೂರ್ತಿ ಹೋಗಲ್ಲ.

ಹಾಗಾದರೆ ಏನು ಮಾಡಬೇಕು?

- ಗೋವಿನಜೋಳವನ್ನು ತಾಡಪತ್ರಿ ಮೇಲೆ ಚೆನ್ನಾಗಿ ಒಣಗಿಸಿ, ತೇವ 13%ಗಿಂತ ಕಡಿಮೆಯಾದ ಮೇಲೆ ಚೀಲ ತುಂಬಿ. ಬೂಸ್ಟು ಹಿಡಿದಿದ್ದನ್ನು ಕೋಳಿಗೂ ಬೇಡ, ದನಕ್ಕೂ ಬೇಡ.
- ನುಗ್ಗೆ ಸೊಪ್ಪು, ಕುದುರೆ ಮಸಾಲೆ ಸೊಪ್ಪು ದಿನಾ ಹಾಕಿ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ.
- ಬ್ರೊಮಾಡಿಯೊಲೋನ್ ಇರುವ ಇಲಿ ಪಾಷಾಣ ವಿಟಮಿನ್ ಕೆ ಕೆಲಸವನ್ನೇ ತಡೆಯುತ್ತದೆ. ಕೋಳಿ ಓಡಾಡುವ ಕಡೆ ಇಡಬೇಡಿ.
- ರಕ್ತಭೇದಿಗೆ ಕೊಡುವ ಕೆಲವು ಸಲ್ಫಾ ಔಷಧಿಗಳೂ ಇದನ್ನೇ ಮಾಡುತ್ತವೆ. ಪಶುವೈದ್ಯರನ್ನು ಕೇಳದೆ ಕೊಡಬೇಡಿ.
- ಗಾಯವಾದರೆ ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಪದೇ ಪದೇ ಒರೆಸಿದರೆ ಹೆಪ್ಪು ಕಿತ್ತುಬರುತ್ತದೆ. ಉಳಿದ ಕೋಳಿಗಳು ಕುಕ್ಕದಂತೆ ಬೇರೆ ಇಡಿ.

ಒಂದು ಚೀಲ ಕೆಟ್ಟ ಕಾಳು ಉಳಿಸಲು ಹೋಗಿ ನಾನು ಹುಂಜ ಕಳಕೊಂಡೆ. ಇವತ್ತೇ ನಿಮ್ಮ ಚೀಲ ಬಿಚ್ಚಿ ನೋಡಿ.