ಇಂಫಾಲಕ್ಕೆ ಹೋಗದ ನಾಯಕಿ

ಆಜಾದ್ ಹಿಂದ್ ಫೌಜಿನ ಝಾನ್ಸಿ ರಾಣಿ ರೆಜಿಮೆಂಟಿನ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನೊಂದು ಕಾದಂಬರಿ ಬರೆದೆ. ಒಂದು ಎಳೆ 1943ರಿಂದ 1945ರವರೆಗಿನ ಸಿಂಗಪುರ ಮತ್ತು ಬರ್ಮಾ. ಇನ್ನೊಂದು ಇವತ್ತಿನ ಮಲೇಶಿಯಾ, ಅಲ್ಲಿ ಅಜ್ಜಿಯ ಜಾಡು ಹಿಡಿದು ಹೊರಟ ಮೊಮ್ಮಗಳು. ಎರಡು ಕಾಲದ ಕಥೆ ಎಂದರೆ ಎರಡು ಕಾದಂಬರಿ ಬರೆದು, ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿಬಿಡುವುದು ಎಂದುಕೊಂಡಿದ್ದೆ. ಆ ತಿಳಿವಳಿಕೆ ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನಷ್ಟೇ ಇಲ್ಲಿ ಹೇಳಬಲ್ಲೆ.

1. ಟ್ರಂಕಿನಲ್ಲಿ ಕಾಗದ ಇಡುವ ಮುನ್ನ ಅಜ್ಜಿಗೆ ಬರೆಯಲು ಬರುತ್ತಿತ್ತೇ ಎಂದು ಕೇಳಿಕೊಳ್ಳಿ

ಮೊದಲ ಕರಡಿನಲ್ಲಿ ಮೊಮ್ಮಗಳು ಅಟ್ಟದ ಮೇಲಿನ ಟ್ರಂಕು ತೆರೆಯುತ್ತಾಳೆ, ಒಳಗೆ ದಾರ ಸುತ್ತಿದ ಕಾಗದಗಳ ಕಟ್ಟು. ಇಂಥ ಕಾದಂಬರಿಗೊಂದು ಟ್ರಂಕು ಇರಲೇಬೇಕೆಂದು ಯಾರೋ ಕಾನೂನು ಮಾಡಿಟ್ಟಂತಿದೆ. ಕಾಗದ ಬರೆಯಲು ಅನುಕೂಲವಾಗಲಿ ಎಂದು ಅಜ್ಜಿಯನ್ನು ಡಾಕ್ಟರ ಮಗಳನ್ನಾಗಿ ಮಾಡಿ ಕಾನ್ವೆಂಟಿನಲ್ಲಿ ಓದಿಸಿದ್ದೆ. ನಾನು ಓದಿಕೊಂಡದ್ದೂ ಅಂಥ ಮನೆಗಳವರ ಬಗ್ಗೆಯೇ: ಮದ್ರಾಸಿನಲ್ಲಿ ವೈದ್ಯಕೀಯ ಓದಿ 1940ರಲ್ಲಿ ಸಿಂಗಪುರಕ್ಕೆ ಹೋದ ಡಾ. ಲಕ್ಷ್ಮಿ ಸ್ವಾಮಿನಾಥನ್, ಕ್ವಾಲಾಲಂಪುರದ ಸ್ಥಿತಿವಂತರ ಮನೆಯ ಜಾನಕಿ ದಾವರ್. ನೆನಪುಗಳನ್ನು ಬರೆದಿಟ್ಟವರು, ಸಂದರ್ಶನಕ್ಕೆ ಸಿಕ್ಕವರು ಹೆಚ್ಚಾಗಿ ಇವರೇ.

ಆದರೆ ರೆಜಿಮೆಂಟಿಗೆ ಸೇರಿದವರಲ್ಲಿ ಬಹಳ ಮಂದಿ ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಯವರ ಮನೆಯ ಹುಡುಗಿಯರು. ಹಲವರಿಗೆ ಓದುಬರಹವಿರಲಿಲ್ಲ, ಭಾರತವನ್ನು ಕಣ್ಣಾರೆ ಕಂಡಿರದವರೂ ಇದ್ದರು. ಅವರ ತೋಟಗಳಿಂದಲೇ ಜಪಾನಿಯರು ಗಂಡಸರನ್ನು ಸಯಾಮ್–ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಎಳೆದೊಯ್ದಿದ್ದರು. ಸಾವಿರಾರು ಜನ ಹಿಂದಿರುಗಲಿಲ್ಲ. ಅಂಥ ಮನೆಯ ಹುಡುಗಿ ಅದೇ ಜಪಾನಿಯರ ಜೊತೆ ಕೈಜೋಡಿಸಿದ ಫೌಜಿಗೆ ಹೆಸರು ಕೊಟ್ಟಿದ್ದು ಯಾಕೆ? ಕಾಣದ ದೇಶದ ಮೇಲಿನ ಪ್ರೀತಿಯೋ, ಕ್ಯಾಂಪಿನ ಊಟವೋ, ಮೇಸ್ತ್ರಿಯ ಕೈಯಿಂದ ಬಿಡುಗಡೆಯೋ? ಮೂರೂ ಸ್ವಲ್ಪ ಸ್ವಲ್ಪ ಇದ್ದಿರಬಹುದು. ಡಾಕ್ಟರ ಮಗಳನ್ನು ಮುಂದೆ ಬಿಟ್ಟುಕೊಂಡು ನಾನು ಈ ಪ್ರಶ್ನೆಯಿಂದಲೇ ನುಣುಚಿಕೊಂಡಿದ್ದೆ. ಟ್ರಂಕು ಹೋಯಿತು, ಕಾಗದ ಹೋಯಿತು, ಅದರ ಜೊತೆ ಕಾದಂಬರಿಯ ಮೊದಲರ್ಧವೂ ಹೋಯಿತು.

2. ನಿಮಗೆ ಬೇಕಾದ ಯುದ್ಧ ಅವರಿಗೆ ಸಿಕ್ಕಿರಲಿಕ್ಕಿಲ್ಲ

ನನ್ನ ನಾಯಕಿ ಇಂಫಾಲದ ಬೆಟ್ಟಗಳಲ್ಲಿ ಬಂದೂಕು ಹಿಡಿದು ನುಗ್ಗುವ ಅಧ್ಯಾಯವೊಂದಿತ್ತು. ಹೊಗೆ, ಕೂಗು, ಕೊನೆಗೊಂದು ಸಾವು. ಓದಿ ಹೇಳಿದಾಗ ಗೆಳೆಯರು ಚಪ್ಪಾಳೆ ತಟ್ಟಿದ್ದರು. ತೊಂದರೆ ಇಷ್ಟೇ: ಆ ರೆಜಿಮೆಂಟನ್ನು ಇಂಫಾಲದ ಕಾಳಗಕ್ಕೆ ಇಳಿಸಲೇ ಇಲ್ಲ. 1943ರ ಅಕ್ಟೋಬರಿನಲ್ಲಿ ಸಿಂಗಪುರದ ಕ್ಯಾಂಪು ಶುರುವಾಯಿತು. ರೈಫಲ್, ಬಯೊನೆಟ್, ಮಷಿನ್ ಗನ್ ಎಲ್ಲ ಕಲಿತರು. 1944ರಲ್ಲಿ ಒಂದು ತುಕಡಿ ಬರ್ಮಾದ ಮೇಮ್ಯೋ ತನಕ ಹೋಯಿತು. ಅಷ್ಟರಲ್ಲಿ ಇಂಫಾಲದ ದಾಳಿ ಮುರಿದುಬಿತ್ತು. ಎದುರಿಗೆ ಬಂದವರು ಶತ್ರುಗಳಲ್ಲ, ಮಲೇರಿಯಾ, ಆಮಶಂಕೆ, ಹಸಿವಿನಿಂದ ಸೊರಗಿ ಹಿಮ್ಮೆಟ್ಟಿದ ತಮ್ಮದೇ ಸಿಪಾಯಿಗಳು. ಬಂದೂಕು ಕಲಿತ ಕೈಗೆ ಬಂದದ್ದು ಬ್ಯಾಂಡೇಜು ಮತ್ತು ಬೆಡ್‌ಪ್ಯಾನು.

ಇಷ್ಟು ತಿಳಿದ ಮೇಲೂ ನಾನು ಆ ಅಧ್ಯಾಯವನ್ನು ಬಹಳ ದಿನ ಬಿಡಲಿಲ್ಲ. ಕಾದಂಬರಿ ತಾನೇ, ಒಂದು ಕಾಳಗ ಹಾಕಿದರೇನು ಎಂಬ ವಾದ. ಮೊಂಡುತನಕ್ಕೆ ಕಲಾಸ್ವಾತಂತ್ರ್ಯ ಎಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. ಆಮೇಲೆ ಹೊಳೆಯಿತು, ಕಾಳಗ ಹಾಕಿದರೆ ಅವರ ನಿಜವಾದ ಸಿಟ್ಟಿಗೆ ಜಾಗವೇ ಉಳಿಯುವುದಿಲ್ಲ. ಕೂದಲು ಕತ್ತರಿಸಿಕೊಂಡು, ಗುರಿ ಕಲಿತು, ಮೇಮ್ಯೋ ತನಕ ಹೋಗಿ, 'ನೀವು ಆಸ್ಪತ್ರೆ ನೋಡಿಕೊಳ್ಳಿ' ಎನ್ನಿಸಿಕೊಂಡವಳ ಸಿಟ್ಟು ಅದು. 1945ರ ಏಪ್ರಿಲಿನಲ್ಲಿ ರಂಗೂನಿನಿಂದ ಬ್ಯಾಂಕಾಕಿನ ಕಡೆಗೆ, ವಿಮಾನಗಳ ಭಯಕ್ಕೆ ರಾತ್ರಿಯೇ ಸಾಗಿದ ಹಿಮ್ಮೆಟ್ಟುವಿಕೆ ನನ್ನ ಕರಡಿನಲ್ಲಿ ಒಂದೇ ಪುಟವಿತ್ತು. ಈಗ ಪುಸ್ತಕದ ಮೂರನೆಯ ಒಂದು ಭಾಗ ಅದೇ. ಕಾಯುವುದನ್ನು, ನಡೆಯುವುದನ್ನು ಬರೆಯುವುದು ಹೊಡೆದಾಟ ಬರೆದಷ್ಟು ಸಲೀಸಲ್ಲ. ಪ್ರತಿ ದೃಶ್ಯದಲ್ಲೂ ಅವಳ ಕೈಗೊಂದು ಕೆಲಸ ಕೊಟ್ಟೆ: ಬಟ್ಟೆ ಕುದಿಸುವುದು, ನೀರು ಹೊರುವುದು, ಬೂಟಿನೊಳಗಿನ ಗುಳ್ಳೆ ಒಡೆಯುವುದು. ಹಾಗೂ ಹೀಗೂ ಪುಟ ಮುಂದೆ ಸಾಗಿತು.

3. ಗಡಿಯಾರ ಯಾರದೆಂದು ನೋಡಿ

'ಬೆಳಗಿನ ಆರು ಗಂಟೆಯ ಎಳೆಬಿಸಿಲಿನಲ್ಲಿ ಕವಾಯತು' ಎಂದು ಬರೆದಿದ್ದೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದ ಮೇಲೆ ಜಪಾನಿಯರು ಊರಿಗೆ ಶೋನಾನ್ ಎಂದು ಹೆಸರಿಟ್ಟರು, ಗಡಿಯಾರಗಳನ್ನು ಟೋಕಿಯೊ ಸಮಯಕ್ಕೆ ತಿರುಗಿಸಿದರು. ಅಲ್ಲಿ ಆರು ಗಂಟೆಗೆ ಕಗ್ಗತ್ತಲೆ. ಸೂರ್ಯ ಏಳುತ್ತಿದ್ದುದು ಎಂಟರ ಸುಮಾರಿಗೆ. ಎಳೆಬಿಸಿಲು ತೆಗೆದು ಲಾಂದ್ರ ಇಟ್ಟೆ.

4. ಎರಡು ಕಾಲಗಳು ಜಗಳವಾಡಲಿ

1944ರಲ್ಲಿ ಲೋಟ ಬಿದ್ದರೆ, ಮುಂದಿನ ಅಧ್ಯಾಯದಲ್ಲಿ ಮೊಮ್ಮಗಳ ಕೈಯಿಂದಲೂ ಲೋಟ ಬೀಳುತ್ತಿತ್ತು. ಅಲ್ಲಿ ಮಳೆ ಬಂದರೆ ಇಲ್ಲಿಯೂ ಮಳೆ. ಇದನ್ನು ನಾನು ಕಸುಬುದಾರಿಕೆ ಎಂದು ನಂಬಿದ್ದೆ. ಕರಡು ಓದಿದ ಗೆಳತಿ, "ಮಾರಾಯ್ತಿ, ಈ ಹುಡುಗಿಗೆ ತನ್ನದೂಂತ ಏನಾದ್ರೂ ಕೆಲಸ ಉಂಟಾ?" ಎಂದಳು. ಇರಲಿಲ್ಲ. ಅಜ್ಜಿಗಾಗಿ ಕಣ್ಣೊರೆಸಿಕೊಳ್ಳುವುದೇ ಅವಳ ಉದ್ಯೋಗ.

ಮಲೇಶಿಯಾದಲ್ಲಿ ಎಷ್ಟೋ ರಬ್ಬರ್ ತೋಟಗಳು ಮಾರಾಟವಾಗಿ, ತಲೆಮಾರುಗಳಿಂದ ಲೈನ್ ಮನೆಗಳಲ್ಲಿದ್ದವರು ಜಾಗ ಖಾಲಿ ಮಾಡಬೇಕಾಗಿ ಬಂದಿದೆ. ಆ ಕಷ್ಟವನ್ನು ಮೊಮ್ಮಗಳಿಗೆ ಕೊಟ್ಟೆ. ಮನೆ ಉಳಿಸಿಕೊಳ್ಳಲು ಅವಳು ಅರ್ಜಿ ಬರೆಯುತ್ತಾಳೆ. 'ನಮ್ಮಜ್ಜಿ ಇಂಫಾಲದಲ್ಲಿ ಗುಂಡು ಹಾರಿಸಿದವಳು' ಎಂಬ ಮನೆಮಾತನ್ನು ಅದರಲ್ಲಿ ಸೇರಿಸುತ್ತಾಳೆ. ಹಿಂದಿನ ಅಧ್ಯಾಯದಲ್ಲೇ ಓದುಗರು ಅಜ್ಜಿಯನ್ನು ಮೇಮ್ಯೋದ ಆಸ್ಪತ್ರೆಯಲ್ಲಿ ನೋಡಿಬಂದಿರುತ್ತಾರೆ. ಮೊಮ್ಮಗಳು ಅರ್ಜಿಗೆ ಸಹಿ ಹಾಕುವಾಗ ಅವರಿಗೆ ಕಳವಳ. ಇಷ್ಟಾದ ಮೇಲೆ ಲೋಟ ಬೀಳಿಸುವ ಅಗತ್ಯ ನನಗೆ ಬರಲಿಲ್ಲ.

5. ನಿಜ ಹೆಸರಿನವರ ಬಾಯಿಗೆ ನಿಮ್ಮ ಭಾಷಣ ತುರುಕಬೇಡಿ

ರೆಜಿಮೆಂಟನ್ನು ಮುನ್ನಡೆಸಿದ ಡಾ. ಲಕ್ಷ್ಮಿಯವರಿಂದ ಎರಡು ಪುಟದ ಭಾಷಣ ಮಾಡಿಸಿದ್ದೆ. ಅಭಿಪ್ರಾಯವೆಲ್ಲ ನನ್ನದು, ಸಮವಸ್ತ್ರ ಮಾತ್ರ ಅವರದು. ಯುದ್ಧದ ನಂತರ ದಶಕಗಟ್ಟಲೆ ಕಾನ್ಪುರದಲ್ಲಿ ವೈದ್ಯೆಯಾಗಿದ್ದು, 2002ರಲ್ಲಿ ರಾಷ್ಟ್ರಪತಿ ಚುನಾವಣೆಗೂ ನಿಂತು, 2012ರಲ್ಲಿ ತೀರಿಕೊಂಡ ಅವರು ಹೇಳಬೇಕಾದ್ದನ್ನು ತಾವೇ ಹೇಳಿಹೋಗಿದ್ದಾರೆ. ಈಗ ಅವರು ಕಾದಂಬರಿಯಲ್ಲಿ ಕಾಣುವುದು ಕೊನೆಯ ಸಾಲಿನಲ್ಲಿ ನಿಂತ ತೋಟದ ಹುಡುಗಿಗೆ ಕಂಡಷ್ಟೇ: ದೂರದಿಂದ, ಅರ್ಧಂಬರ್ಧ. ಯಾರು ನಿಜ, ಯಾರು ಕಲ್ಪನೆ ಎಂದು ಪುಸ್ತಕದ ಕೊನೆಯಲ್ಲಿ ಬಿಡಿಸಿ ಬರೆದಿದ್ದೇನೆ. ಅದನ್ನು ಓದಿದವರು ಕಡಿಮೆಯೆಂದು ತೋರುತ್ತದೆ, ಮೊಮ್ಮಗಳ ಫೋನ್ ನಂಬರ್ ಕೇಳುವವರು ಇನ್ನೂ ಇದ್ದಾರೆ.