ಊಟ ಆಯ್ತಾ ಎಂದು ಕೇಳುವ ಇನ್ನೊಂದು ಭಾಷೆ

ಬಿ.ಸಿ. ರೋಡಿನಲ್ಲಿ ಮಧ್ಯಾಹ್ನ ಬಸ್ಸಿಗೆ ಕಾಯುವಾಗ ಗುರುತಿನವರು ಸಿಕ್ಕಿದರೆ ಮೊದಲ ಮಾತು ತುಳುವಿನ ‘ವನಸ್ ಆಂಡಾ?’ ಕನ್ನಡ ಮನೆಮಾತಿನವರಾದರೆ ‘ಊಟ ಆಯ್ತಾ?’ ಕೇಳಿದವರಿಗೆ ನೀವು ಉಂಡ ಅನ್ನದ ಲೆಕ್ಕ ಬೇಕಿಲ್ಲ, ಕ್ಷೇಮ ವಿಚಾರಿಸುತ್ತಿದ್ದಾರೆ, ಅಷ್ಟೆ. ಚೀನಾದಲ್ಲೂ ಹಳೆಯ ತಲೆಮಾರಿನವರು ಎದುರಾದವರನ್ನು ಹೀಗೇ ಮಾತನಾಡಿಸುತ್ತಾರೆ: ‘ಛಿ ಫಾನ್ ಲ ಮಾ?’ ಛಿ ಅಂದರೆ ತಿನ್ನು, ಫಾನ್ ಅಂದರೆ ಅನ್ನ, ಲ ಅಂದರೆ ಹೆಚ್ಚುಕಡಿಮೆ ನಮ್ಮ ‘ಆಯ್ತು’. ಕೊನೆಯ ಮಾ ನಮ್ಮ ‘ಆಯ್ತಾ’ದ ತುದಿಯಲ್ಲಿರುವ ದೀರ್ಘದ ಕೆಲಸ ಮಾಡುತ್ತದೆ. ಚೀನೀ ಕಲಿಯಲು ಬಂದವರಿಗೆ ಮೊದಲ ದಿನ ನಾನು ಬೋರ್ಡಿನ ಮೇಲೆ ಬರೆಯುವುದು ಈ ವಾಕ್ಯವನ್ನೇ. ಇಂಗ್ಲಿಷಿನ ದಾರಿಯಲ್ಲಿ ಹೋದರೆ ಇದಕ್ಕೆ ಉದ್ದದ ವಿವರಣೆ ಬೇಕು. ನಮ್ಮ ಮಕ್ಕಳಿಗೆ ಕೇಳಿದ ಕೂಡಲೇ ತಿಳಿಯುತ್ತದೆ.

ಕಲಿಯಲು ಬರುವವರ ಕಾರಣಗಳು ಬೇರೆಬೇರೆ. ವೈದ್ಯಕೀಯ ಓದಲು ಚೀನಾಕ್ಕೆ ಹೋಗುವವರಿದ್ದಾರೆ. ಅಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆದರೂ ವಾರ್ಡಿಗೆ ಇಳಿದ ಮೇಲೆ ರೋಗಿಯ ನೋವು ಎಲ್ಲಿ ಎಂದು ಚೀನೀಯಲ್ಲೇ ಕೇಳಬೇಕು. ಕೆಲವರಿಗೆ ವ್ಯಾಪಾರದ ಯೋಚನೆ, ಕೆಲವರಿಗೆ ಬರೀ ಕುತೂಹಲ. ಭಯ ಮಾತ್ರ ಎಲ್ಲರದ್ದೂ ಒಂದೇ: ಸಾವಿರಾರು ಅಕ್ಷರಗಳಂತೆ, ನಮ್ಮಿಂದ ಆದೀತೇ? ಅಕ್ಷರ ಆಮೇಲೆ ನೋಡೋಣ, ಮೊದಲು ಕಿವಿ ಮತ್ತು ಬಾಯಿ ಎನ್ನುತ್ತೇನೆ ನಾನು. ಆ ಎರಡಕ್ಕೆ ಬೇಕಾದ ಸಾಮಗ್ರಿಯಲ್ಲಿ ಅರ್ಧಕ್ಕರ್ಧ ನಮ್ಮ ಊರುಗಳಲ್ಲೇ ಇದೆ.

ಚೀನೀ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎಂದು ಹೆಸರು. ಅದನ್ನು ಚೀನಾ ಸರ್ಕಾರ 1958ರಲ್ಲಿ ಜಾರಿಗೆ ತಂದಿತು. ಅದನ್ನು ಇಂಗ್ಲಿಷಿನಂತೆ ಓದಲು ಹೋದವರು ಎಡವುತ್ತಾರೆ. ಚೀನೀಯಲ್ಲಿ ಬ, ದ, ಗ, ಜ ಎಂಬ ಧ್ವನಿಗಳಿಲ್ಲ. ಅಲ್ಲಿ ಕೆಲಸ ಮಾಡುವುದು ಅಲ್ಪಪ್ರಾಣ, ಮಹಾಪ್ರಾಣಗಳ ಭೇದ. ರೋಮನ್ ‘ಬಿ’ ಕಂಡರೆ ನಮ್ಮ ಪ, ‘ಪಿ’ ಕಂಡರೆ ಪ-ವರ್ಗದ ಎರಡನೆಯ ಅಕ್ಷರವಾದ ಫ. ‘ಜಿ’ ಕಂಡರೆ ಕ, ‘ಕೆ’ ಕಂಡರೆ ಖ. ‘ಜೆ’ ಕಂಡರೆ ಚ, ‘ಕ್ಯೂ’ ಕಂಡರೆ ಛ. ಈ ಲೆಕ್ಕದಲ್ಲಿ ನಾವು ಬೀಜಿಂಗ್ ಎನ್ನುವ ಊರು ಅವರ ಬಾಯಲ್ಲಿ ಸುಮಾರಾಗಿ ‘ಪೆಯ್‌ಚಿಂಗ್’. ಮೇಲಿನ ವಾಕ್ಯದ ಛಿ ಎಂಬುದನ್ನು ನಾಲಿಗೆಯ ತುದಿಯನ್ನು ಟ, ಠಗಳಿಗೆ ಮಡಚುವಂತೆ ಹಿಂದಕ್ಕೆ ಎಳೆದು ಹೇಳಬೇಕು. ಳ, ಣ ಹೇಳಿ ಬೆಳೆದ ನಾಲಿಗೆಗೆ ಅದು ಹೊಸದೇನಲ್ಲ.

ಆದರೆ ಒಂದು ಕಡೆ ನಮಗೇ ತೊಡಕು. ಆಡುಮಾತಿನಲ್ಲಿ ನಾವು ಮಹಾಪ್ರಾಣವನ್ನು ಬಿಟ್ಟೇಬಿಡುತ್ತೇವೆ. ಭತ್ತ ಬತ್ತವಾಗುತ್ತದೆ, ಫಲ ಎಂಬಲ್ಲಿ ಇಂಗ್ಲಿಷಿನ ಎಫ್ ನುಸುಳುತ್ತದೆ. ಬೆಳ್ತಂಗಡಿ ಕಡೆಯ ವಿದ್ಯಾರ್ಥಿಗಳಿಗೆ ನಾನು ಧರ್ಮಸ್ಥಳ ಮೇಳದ ಯಕ್ಷಗಾನ ಆಟವನ್ನು ನೆನಪಿಸುತ್ತೇನೆ. ‘ಭಳಿರೇ’ ಎಂದು ವೇಷ ರಂಗಕ್ಕೆ ಬರುವಾಗ ಆ ಭಕಾರದ ಉಸಿರು ಚೌಕಿಯವರೆಗೂ ಕೇಳುತ್ತದೆ. ತಾಳಮದ್ದಳೆಯ ಅರ್ಥಧಾರಿ ಖ, ಥ, ಫಗಳನ್ನು ಹೇಗೆ ಬಿಡಿಸಿ ಹೇಳುತ್ತಾನೆ ಎಂಬುದನ್ನು ಗಮನಿಸಿ. ಆಮೇಲೆ ತುಟಿಯ ಮುಂದೆ ತೆಳು ಕಾಗದ ಹಿಡಿದು ಪ, ಫ ಎಂದು ಹೇಳಿ ನೋಡಿ. ಪ ಹೇಳುವಾಗ ಕಾಗದ ಸುಮ್ಮನಿರಬೇಕು, ಫ ಹೇಳುವಾಗ ಹಾರಬೇಕು. ಒಂದು ವಾರ ಇದನ್ನೇ ಮಾಡಿದರೂ ನಷ್ಟವಿಲ್ಲ.

ಸ್ವರದ ಏರಿಳಿತಕ್ಕೆ ಹೆಚ್ಚು ತಾಳ್ಮೆ ಬೇಕು. ಚೀನೀಯಲ್ಲಿ ‘ಮಾ’ ಎಂಬುದನ್ನು ಎತ್ತರದಲ್ಲಿ ಸಮವಾಗಿ ಎಳೆದರೆ ತಾಯಿ, ಮೇಲಕ್ಕೆ ಏರಿಸಿದರೆ ಸೆಣಬು, ತಗ್ಗಿಸಿ ಎತ್ತಿದರೆ ಕುದುರೆ, ಮೇಲಿನಿಂದ ಕೆಳಕ್ಕೆ ಕಡಿದರೆ ಬೈಗುಳ. ನಮ್ಮಲ್ಲಿ ಸ್ವರ ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ, ಭಾವ ಬದಲಾಗುತ್ತದೆ. ಆ ಭಾವದಿಂದಲೇ ಹೊರಡಬಹುದು. ಭಾಗವತರು ಶ್ರುತಿ ಹಿಡಿದು ನಿಲ್ಲಿಸುವ ‘ಆ’ ಮೊದಲನೆಯದು. ಸರಿಯಾಗಿ ಕೇಳಿಸದಿದ್ದಾಗ ‘ಹಾಂ?’ ಎನ್ನುತ್ತೀರಲ್ಲ, ಅದು ಎರಡನೆಯದು. ಮನಸ್ಸಿಲ್ಲದೆ ಒಪ್ಪುವಾಗ ಗಂಟಲಿನಾಳದಿಂದ ಹೊರಡುವ ‘ಹೂಂ...’ ಮೂರನೆಯದು. ಗದರುವಾಗಿನ ‘ಸಾಕು!’ ನಾಲ್ಕನೆಯದು. ಪುಸ್ತಕ ನೋಡಿ ಇದು ಬರುವುದಿಲ್ಲ. ಚೀನೀಯರ ದನಿಯನ್ನು ಕೇಳಿ, ನಿಮ್ಮ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ. ಪದವನ್ನು ಕಲಿಯುವಾಗಲೇ ಸ್ವರವನ್ನೂ ಕಲಿಯಿರಿ. ಆಮೇಲೆ ಸೇರಿಸುತ್ತೇನೆ ಎಂದವರಿಗೆ ಅದು ಮತ್ತೆ ಕೂಡುವುದಿಲ್ಲ.

ನನಗೆ ಅತ್ಯಂತ ಇಷ್ಟವಾದ ಪಾಠ ನೆಂಟಸ್ತಿಕೆಯದ್ದು. ಇಂಗ್ಲಿಷ್ ಕಲಿಯುವಾಗ ಅಣ್ಣ ತಮ್ಮ ಇಬ್ಬರನ್ನೂ ಒಂದೇ ಪದದಲ್ಲಿ ತುಂಬಬೇಕಾಯಿತು, ದೊಡ್ಡಪ್ಪ ಚಿಕ್ಕಪ್ಪ ಸೋದರಮಾವ ಮೂವರೂ ‘ಅಂಕಲ್’ ಆದರು. ಚೀನೀಯಲ್ಲಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತಾರೆ. ಅಣ್ಣ ‘ಕಕ’, ತಮ್ಮ ‘ತೀತಿ’, ಅಕ್ಕ ‘ಚಿಯೆಚಿಯೆ’, ತಂಗಿ ‘ಮೇಯ್‌ಮೇಯ್’. ತಂದೆಯ ಅಣ್ಣ ‘ಪೊಪೊ’, ತಂದೆಯ ತಮ್ಮ ‘ಷೂಷು’, ತಾಯಿಯ ಅಣ್ಣತಮ್ಮಂದಿರು ‘ಚಿಯೊಚಿಯೊ’. ಅಪರಿಚಿತ ಹಿರಿಯರನ್ನು ನಾವು ಮಾಮ, ಅಣ್ಣ ಎನ್ನುವಂತೆ ಅವರೂ ಇವೇ ಪದಗಳಿಂದ ಕರೆಯುತ್ತಾರೆ. ಮನೆಯವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಚೀನೀ ಸಂಬಂಧಪದ ತುಂಬಿಸಿ ಎಂದರೆ, ಕೂಡುಕುಟುಂಬದ ಮಕ್ಕಳು ನನ್ನ ಪಟ್ಟಿಯನ್ನೇ ದಾಟಿ ಹೋಗುತ್ತಾರೆ.

ಎಣಿಕೆಯೂ ಸುಲಭ. ಹನ್ನೊಂದಕ್ಕೆ ಹತ್ತು-ಒಂದು, ಇಪ್ಪತ್ತಕ್ಕೆ ಎರಡು-ಹತ್ತು. ಆದರೆ ಸಂಖ್ಯೆಯಾದ ಮೇಲೆ ವಸ್ತುವಿಗೆ ತಕ್ಕ ಎಣಿಕೆಪದ ಬೇಕು. ಪುಸ್ತಕಕ್ಕೆ ಒಂದು, ಕಾಗದಕ್ಕೆ ಇನ್ನೊಂದು. ಮಲ್ಲಿಗೆಯನ್ನು ಚೆಂಡು, ಅಟ್ಟೆಗಳಲ್ಲಿ ಕೇಳುವವರು ಇದಕ್ಕೆ ಹೆದರಬೇಕಾಗಿಲ್ಲ.

ಈಗ ಅಕ್ಷರ. ಮರಕ್ಕೆ ಒಂದು ಗುರುತಿದೆ, ಕಾಂಡ, ಕೊಂಬೆ, ಬೇರುಗಳಂತೆ ಕಾಣುವ ನಾಲ್ಕು ಗೆರೆಗಳದ್ದು. ಅದನ್ನು ಎರಡು ಸಲ ಪಕ್ಕಪಕ್ಕ ಬರೆದರೆ ತೋಪು, ಮೂರನ್ನು ಒಟ್ಟುಗೂಡಿಸಿದರೆ ದಟ್ಟ ಕಾಡು. ಎಲ್ಲ ಅಕ್ಷರಗಳೂ ಹೀಗೆ ಚಿತ್ರಗಳಲ್ಲ. ಹೆಚ್ಚಿನವುಗಳಲ್ಲಿ ಒಂದು ಭಾಗ ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಉಚ್ಚಾರದ್ದು. ತಾಯಿ ಎಂಬ ಅಕ್ಷರದಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಕುದುರೆ ಅಲ್ಲಿರುವುದು ‘ಮಾ’ ಎಂಬ ಸದ್ದಿಗಾಗಿ ಮಾತ್ರ. ಇದು ತಿಳಿದ ಮೇಲೆ ಸಾವಿರಾರು ಅಕ್ಷರಗಳ ಭಯ ಅರ್ಧ ಇಳಿಯುತ್ತದೆ. ಬರೆಯಲು ಗಣಿತದ ಚೌಕುಳಿ ಪುಸ್ತಕವೇ ಸಾಕು.

ಭಾಷೆಯ ಜೊತೆ ಅಲ್ಲಿನ ಬದುಕನ್ನೂ ತಿಳಿಯಬೇಕಲ್ಲ. ಬಂಟ್ವಾಳ ತಾಲೂಕಿನವರು ಅಡಿಕೆಯಿಂದ ಆರಂಭಿಸಲಿ. ಚೀನೀಯಲ್ಲಿ ಅದು ‘ಪಿಂಗ್‌ಲಾಂಗ್’, ಮಲಯ ಭಾಷೆಯ ಪಿನಾಂಗ್ ಎಂಬ ಪದದಿಂದ ಬಂದದ್ದು. ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುತ್ತಾರೆ, ಹುನಾನ್ ಪ್ರಾಂತದಲ್ಲಿ ಜಗಿಯುತ್ತಾರೆ. ಅವರು ಜಗಿಯುವುದು ಎಳೆಕಾಯಿಯ ಸಿಪ್ಪೆಯನ್ನು, ನಾವು ಸುಲಿದು ಗುಡ್ಡೆ ಹಾಕುವ ಸಿಪ್ಪೆಯನ್ನು! ವಿಟ್ಲದ ತೋಟಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ 1972ರಲ್ಲಿ ಬಿಡುಗಡೆ ಮಾಡಿದ ‘ಮಂಗಳಾ’ ತಳಿಯ ಮೂಲವೂ ಚೀನಾದ್ದೇ. ನಿಮ್ಮ ತೋಟದಲ್ಲಿ ಬೇಗ ಫಸಲಿಗೆ ಬಂದ ಮಂಗಳಾ ಮರಗಳಿದ್ದರೆ ಚೀನಾದ ನಂಟು ಆಗಲೇ ಬೇರುಬಿಟ್ಟಿದೆ.

ಮೂಡುಬಿದಿರೆಯವರಿಗೆ ಇನ್ನೂ ಹಳೆಯ ಸಾಕ್ಷಿಯಿದೆ. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಲ್ಲಿನ ಭೈರಾದೇವಿ ಮಂಟಪದ ಕೆತ್ತನೆಗಳಲ್ಲಿ ಒಂದು ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಇವೆ ಎಂದು ನೋಡಲು ಬಂದವರಿಗೆಲ್ಲ ತೋರಿಸುತ್ತಾರೆ. ಕಡಲ ವ್ಯಾಪಾರದ ಮೂಲಕ ಬಂದ ಕಲ್ಪನೆಗಳು ಎಂಬುದು ವಾಡಿಕೆಯ ವಿವರಣೆ, ನನಗೂ ಅದು ಸರಿ ಅನ್ನಿಸುತ್ತದೆ. ಅದೇ ಶತಮಾನದಲ್ಲಿ, 1405ರಿಂದ 1433ರ ನಡುವೆ, ಚಂಗ್ ಹ ಎಂಬ ನೌಕಾಧಿಪತಿಯ ಮಿಂಗ್ ಹಡಗುಗಳು ಏಳು ಯಾತ್ರೆಗಳಲ್ಲಿ ಹಿಂದೂ ಮಹಾಸಾಗರಕ್ಕೆ ಬಂದವು. ನಮ್ಮ ಕರಾವಳಿಯ ದಕ್ಷಿಣಕ್ಕಿರುವ ಕಲ್ಲಿಕೋಟೆ ಅವುಗಳ ಮುಖ್ಯ ತಂಗುದಾಣ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಳಿಸಿದ. ಆಸ್ಥಾನದವರು ಅದನ್ನು ‘ಛಿಲಿನ್’ ಎಂಬ ತಮ್ಮ ಪುರಾಣದ ಶುಭಮೃಗವೆಂದು ಕೊಂಡಾಡಿದರು. ಇಂದಿನ ಚೀನೀಯಲ್ಲಿ ಜಿರಾಫೆಯ ಹೆಸರನ್ನು ಬಿಡಿಸಿದರೆ ಉದ್ದ-ಕತ್ತು-ಜಿಂಕೆ.

ಕಾಲೇಜಿನಲ್ಲಿ ಚೀನೀ ವಿಭಾಗವೇ ಆಗಲಿ ಎಂದು ಕಾಯಬೇಡಿ. ಶಾಂತಿನಿಕೇತನದ ಚೀನಾ ಭವನ 1937ರಲ್ಲಿ ತೆರೆಯಿತು. ಅದಕ್ಕೂ ಮೊದಲು, 1928ರಲ್ಲೇ, ರವೀಂದ್ರನಾಥ ಟಾಗೋರರ ಕರೆಗೆ ಓಗೊಟ್ಟು ತಾನ್ ಯುನ್-ಶಾನ್ ಎಂಬ ವಿದ್ವಾಂಸರು ಬಂದು ಪಾಠ ಹೇಳುತ್ತಿದ್ದರು. ಹಣವನ್ನೂ ಪುಸ್ತಕಗಳನ್ನೂ ಚೀನಾದಿಂದ ಕೂಡಿಸಿ ತಂದವರೂ ಅವರೇ. ನಮ್ಮ ಗ್ರಂಥಾಲಯಗಳಲ್ಲಿ ಸದ್ಯಕ್ಕೆ ಒಂದು ಕಪಾಟು ಸಿಕ್ಕರೆ ಸಾಕು: ಒಂದು ಒಳ್ಳೆಯ ಚೀನೀ-ಇಂಗ್ಲಿಷ್ ನಿಘಂಟು, ಧ್ವನಿಪಾಠವಿರುವ ಒಂದು ಪಠ್ಯ, ಒಂದು ಚೀನಾ ಭೂಪಟ. ಪಕ್ಕದಲ್ಲಿ ಯು.ಆರ್. ಅನಂತಮೂರ್ತಿಯವರು ಕನ್ನಡಕ್ಕೆ ತಂದ ಪ್ರಾಚೀನ ಚೀನೀ ಕೃತಿ ‘ದಾವ್ ದ ಜಿಂಗ್’ ಇರಲಿ. ಮೇಲಿನ ಪಿನ್‌ಯಿನ್ ಲೆಕ್ಕ ಹಿಡಿದು ಆ ಹೆಸರನ್ನು ಚೀನೀಯರಂತೆ ಹೇಳುವುದು ಹೇಗೆಂದು ನೀವೇ ಕಂಡುಹಿಡಿಯಿರಿ.

ಮೊದಲ ವಾರದ ಮನೆಪಾಠ ಇಷ್ಟು: ಬೆಳಿಗ್ಗೆ ಕಾಗದ ಹಿಡಿದು ಪ-ಫ, ಸಂಜೆ ನಾಲ್ಕು ಸ್ವರಗಳಲ್ಲಿ ಮಾ. ರಾತ್ರಿ ಚಾ ಕುಡಿಯುವಾಗ ಆ ಚಾ ಎಂಬ ಚೀನೀ ಪದವನ್ನು ಛಕಾರದ ಉಸಿರಿನೊಡನೆ, ‘ಹಾಂ?’ ಎಂಬ ಎರಡನೆಯ ಸ್ವರದಲ್ಲಿ ಹತ್ತು ಸಲ ಹೇಳಿ. ಮನೆಯಲ್ಲಿ ಯಾರಾದರೂ ಏನದು ಎಂದು ಕೇಳಿದರೆ ಅವರಿಗೂ ಹೇಳಿಕೊಡಿ.